ಸೈಟ್ ಹೊಸದಾದಾಗ ಹಳೆಯ ಸಿನಿಮಾ ಪುಟಗಳು ಕಳೆದುಹೋಗದಿರಲು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸುದ್ದಿ ತಾಣದ ವಿನ್ಯಾಸ ಬದಲಾದಾಗ ಮೊದಲು ಪೆಟ್ಟು ಬೀಳುವುದು ಸಿನಿಮಾ ವಿಭಾಗಕ್ಕೆ. ರಾಜಕೀಯದ, ಜಿಲ್ಲೆಗಳ ಸುದ್ದಿಯನ್ನು ಯಾರಾದರೂ ಜೋಪಾನವಾಗಿ ಹೊಸ ಜಾಗಕ್ಕೆ ತರುತ್ತಾರೆ. ಚಿತ್ರ ವಿಮರ್ಶೆ, ಕಲಾವಿದರ ಸಂದರ್ಶನ, ಮುಹೂರ್ತದ ಫೋಟೋಗಳನ್ನು ಮಾತ್ರ 'ಹಳೇ ಗಾಸಿಪ್ ಅಲ್ವಾ, ಹೋದರೆ ಹೋಗಲಿ' ಎಂದು ಬಿಟ್ಟುಬಿಡುತ್ತಾರೆ. ಆಮೇಲೆ ಒಬ್ಬ ನಟ ತೀರಿಕೊಂಡಾಗ, ಹಳೆಯ ಚಿತ್ರವೊಂದು ಮತ್ತೆ ತೆರೆಗೆ ಬಂದಾಗ ಅದೇ ಪುಟಗಳು ಬೇಕಾಗುತ್ತವೆ. 2025ರ ಮಾರ್ಚ್‌ನಲ್ಲಿ 'ಅಪ್ಪು' ಮರುಬಿಡುಗಡೆಯಾಯಿತು. 2002ರಲ್ಲಿ ಅದು ಮೊದಲ ಸಲ ಬಂದಾಗಿನ ವಿಮರ್ಶೆ ಹೇಗಿತ್ತು ಎಂದು ಓದುಗರು ಹುಡುಕುವುದು ಇಂಥ ಹೊತ್ತಿನಲ್ಲೇ.

ಈ ಕೆಲಸದಲ್ಲಿ ತಂಡಗಳು ಸೋಲುವುದು ತಂತ್ರಜ್ಞಾನ ಗೊತ್ತಿಲ್ಲದೆ ಅಲ್ಲ. ಕ್ರಮ ತಪ್ಪಿದ್ದರಿಂದ. ಮೊದಲು ವಿನ್ಯಾಸ ಮುಗಿಸಿ, ಸೈಟ್ ತೆರೆದು, ಆಮೇಲೆ ಹಳೆಯ ಪುಟಗಳ ಬಗ್ಗೆ ಯೋಚಿಸುತ್ತಾರೆ. ಅಷ್ಟರಲ್ಲಿ ಹಳೆಯ ಸರ್ವರ್ ಬಂದ್ ಆಗಿರುತ್ತದೆ. ಯಾವ ಪುಟ ಎಲ್ಲಿತ್ತು ಎಂದು ಹೇಳುವ ಒಂದು ದಾಖಲೆಯೂ ಉಳಿದಿರುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಹಂತಗಳು ವಿನ್ಯಾಸದವರ ಜೊತೆಗಿನ ಮೊದಲ ಮೀಟಿಂಗ್‌ಗೂ ಮುಂಚೆ ಮುಗಿದರೆ ಒಳ್ಳೆಯದು.

## ಶುರುವಿಗೆ ಮುಂಚೆ ಕೈಯಲ್ಲಿ ಇರಬೇಕಾದವು

ಹಳೆಯ ಡೇಟಾಬೇಸ್‌ನ ಪೂರ್ತಿ ಪ್ರತಿ. ಫೋಟೋಗಳಿರುವ ಫೋಲ್ಡರ್‌ನ ಪೂರ್ತಿ ಪ್ರತಿ. ಸರ್ವರ್ ಲಾಗ್ (ಯಾವ ಪುಟವನ್ನು ಯಾವಾಗ ಕೇಳಿದರು ಎಂಬ ದಾಖಲೆ) ಓದುವ ಅನುಮತಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ನಿಮ್ಮ ಪುಟಗಳು ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿವೆ ಎಂದು ತೋರಿಸುವ ಸಾಧನ) ಮಾಲೀಕರ ಮಟ್ಟದ ಪ್ರವೇಶ. ಪುಟಗಳನ್ನು ಒಂದೊಂದಾಗಿ ತೆರೆದು ನೋಡುವ ಕ್ರಾಲರ್. ಸ್ಕ್ರೀಮಿಂಗ್ ಫ್ರಾಗ್ ಸಾಕು, ಆದರೆ ಉಚಿತ ಆವೃತ್ತಿ 500 ವೆಬ್ ವಿಳಾಸಗಳಿಗೆ ನಿಂತುಬಿಡುತ್ತದೆ. ದೊಡ್ಡ ಸೈಟ್ ಆದರೆ ದುಡ್ಡು ಕೊಟ್ಟು ತೆಗೆದುಕೊಳ್ಳಿ, ಇಲ್ಲವೇ ಡೆವಲಪರ್ ಕೈಯಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಸಿ.

ಇವೆಲ್ಲಕ್ಕಿಂತ ಮುಖ್ಯವಾಗಿ ಸಿನಿಮಾ ಡೆಸ್ಕ್‌ನ ಹಳಬರೊಬ್ಬರು ಜೊತೆಗಿರಬೇಕು. ಶುಕ್ರವಾರದ ಪುರವಣಿ ಆಗ ಯಾವ ಹೆಸರಿನಲ್ಲಿತ್ತು, ವಿಮರ್ಶೆ ಯಾವ ವಿಭಾಗದಡಿ ಹೋಗುತ್ತಿತ್ತು, ನಡುವೆ ವಿಭಾಗದ ಹೆಸರು ಯಾವಾಗ ಬದಲಾಯಿತು ಎನ್ನುವುದು ಯಾವ ಡೇಟಾಬೇಸ್‌ನಲ್ಲೂ ಬರೆದಿರುವುದಿಲ್ಲ. ಅವರ ತಲೆಯಲ್ಲಿರುತ್ತದೆ.

## ಹಂತ 1: ಹಳೆಯ ವಿಳಾಸಗಳ ಪೂರ್ತಿ ಪಟ್ಟಿ

ಒಂದೇ ಮೂಲ ನಂಬಿ ಪಟ್ಟಿ ಮಾಡಬೇಡಿ. ಐದು ಕಡೆಯಿಂದ ತೆಗೆದು ಒಟ್ಟು ಮಾಡಿ, ಎರಡೆರಡು ಸಲ ಬಂದವನ್ನು ಅಳಿಸಿ.

ಡೇಟಾಬೇಸ್‌ನಿಂದ ಪ್ರಕಟವಾದ ಎಲ್ಲ ಲೇಖನಗಳ ಸಂಖ್ಯೆ, ವಿಳಾಸ, ಶೀರ್ಷಿಕೆ, ದಿನಾಂಕ, ವಿಭಾಗ ತೆಗೆಯಿರಿ. ಕ್ರಾಲರ್ ಓಡಿಸಿ ಸೈಟ್‌ನ ಒಳಗಿನ ಲಿಂಕ್‌ಗಳಿಂದ ತಲುಪಬಹುದಾದ ಪುಟಗಳನ್ನು ತೆಗೆಯಿರಿ. ಸರ್ವರ್ ಲಾಗ್‌ನಿಂದ ಜನ ನಿಜವಾಗಿ ಕೇಳುತ್ತಿರುವ ವಿಳಾಸಗಳನ್ನು ತೆಗೆಯಿರಿ. ಸರ್ಚ್ ಕನ್ಸೋಲ್‌ನಿಂದ ಗೂಗಲ್ ತೋರಿಸುತ್ತಿರುವ ಪುಟಗಳನ್ನು ತೆಗೆಯಿರಿ. ಕೊನೆಗೆ, ಹಳೆಯ ವೆಬ್ ಪುಟಗಳ ಪ್ರತಿ ಇಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ನಿಮ್ಮ ಡೊಮೇನ್ ಹೆಸರಿನಡಿ ಇರುವ ವಿಳಾಸಗಳನ್ನೆಲ್ಲ ಇಳಿಸಿಕೊಳ್ಳಿ.

ಕೊನೆಯದು ಯಾಕೆ ಅಂತೀರಾ? ಈಗ ಬದಲಾಗುತ್ತಿರುವ ಸೈಟ್ ಹಿಂದೆ ಇನ್ನೊಮ್ಮೆ ಬದಲಾಗಿರುತ್ತದೆ. ಆಗಿನ ವಿಳಾಸಗಳಿಗೆ ವಿಕಿಪೀಡಿಯದ ಚಿತ್ರ ಪುಟಗಳಿಂದ, ಹಳೆಯ ಬ್ಲಾಗ್‌ಗಳಿಂದ ಇನ್ನೂ ಲಿಂಕ್ ಇರುತ್ತದೆ. ಕನ್ನಡ ಚಿತ್ರಗಳ ಬಗೆಗಿನ ವಿಕಿ ಪುಟಗಳಲ್ಲಿ ಬಿಡುಗಡೆಯ ದಿನ, ತಾರಾಗಣ, ವಿಮರ್ಶೆಗೆ ಆಧಾರವಾಗಿ ಕೊಡುವುದು ಹೆಚ್ಚಾಗಿ ಸುದ್ದಿ ತಾಣಗಳನ್ನೇ. ನಿಮ್ಮ ಪುಟ ಸತ್ತರೆ ಆ ಮಾಹಿತಿಯ ಆಧಾರವೂ ಸಾಯುತ್ತದೆ. 2024ರಲ್ಲಿ ಪ್ಯೂ ರಿಸರ್ಚ್ ಸೆಂಟರ್ ಪ್ರಕಟಿಸಿದ ಅಧ್ಯಯನದಲ್ಲಿ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ಬಳಿಕ ಸಿಗುತ್ತಿರಲಿಲ್ಲ.

ಸಾಮಾನ್ಯ ತಪ್ಪು: ಸುದ್ದಿ ಸೈಟ್‌ಮ್ಯಾಪ್ (ಸರ್ಚ್ ಎಂಜಿನ್‌ಗಳಿಗೆ ಕೊಡುವ ಪುಟಗಳ ಪಟ್ಟಿ) ಇಳಿಸಿಕೊಂಡು 'ಪಟ್ಟಿ ಸಿಕ್ತು' ಎಂದುಕೊಳ್ಳುವುದು. ಗೂಗಲ್ ನ್ಯೂಸ್‌ಗಾಗಿ ಮಾಡುವ ಸೈಟ್‌ಮ್ಯಾಪ್‌ನಲ್ಲಿ ಕೊನೆಯ ಎರಡು ದಿನಗಳ ಸುದ್ದಿ ಮಾತ್ರ ಇರುತ್ತದೆ. ಸರ್ಚ್ ಕನ್ಸೋಲ್‌ಗೂ ಮಿತಿ ಇದೆ. ಅದು 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ, ಪರದೆಯಿಂದ ಒಂದು ಸಲಕ್ಕೆ 1,000 ಸಾಲು ಮಾತ್ರ ಇಳಿಸಲು ಬಿಡುತ್ತದೆ. ವಿಭಾಗವಾರು ಫಿಲ್ಟರ್ ಹಾಕಿ ಹಲವು ಸಲ ಇಳಿಸಿಕೊಳ್ಳಿ.

ಎಚ್ಚರಿಕೆಯ ಗುರುತು: ಡೇಟಾಬೇಸ್‌ನಲ್ಲಿ ಇರುವ ಲೇಖನಗಳಿಗಿಂತ ಕ್ರಾಲರ್‌ಗೆ ಸಿಕ್ಕ ಲೇಖನಗಳು ತೀರಾ ಕಡಿಮೆ ಇದ್ದರೆ, ಆ ಪುಟಗಳು ಈಗಾಗಲೇ ಓದುಗರಿಗೆ ಕಾಣದೆ ಬಿದ್ದಿವೆ. ಅವಕ್ಕೆ 8ನೇ ಹಂತದಲ್ಲಿ ದಾರಿ ಮಾಡಬೇಕು.

## ಹಂತ 2: ಏನನ್ನು ತರಬೇಕು ಎಂಬ ತೀರ್ಮಾನ

ಸಾಧ್ಯವಾದರೆ ಎಲ್ಲವನ್ನೂ ತನ್ನಿ. 'ಈ ವಾರ ತೆರೆಗೆ' ಎಂಬ ನಾಲ್ಕು ಸಾಲಿನ ಟಿಪ್ಪಣಿ ಇವತ್ತು ಯಾರಿಗೂ ಬೇಡ ಅನ್ನಿಸಬಹುದು. ಇಪ್ಪತ್ತು ವರ್ಷದ ನಂತರ ಆ ಚಿತ್ರ ಯಾವ ಶುಕ್ರವಾರ, ಯಾವ ಚಿತ್ರಮಂದಿರದಲ್ಲಿ ಬಂತು ಎಂದು ಹೇಳುವ ಒಂದೇ ದಾಖಲೆ ಅದಾಗಿರಬಹುದು. ಹಳೆಯ ಪುಟಗಳನ್ನು ಅಳಿಸಿದರೆ ಗೂಗಲ್‌ನಲ್ಲಿ ಸೈಟ್ ಮೇಲೆ ಬರುತ್ತದೆ ಎಂಬ ನಂಬಿಕೆ ಹಲವರಿಗಿದೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಅಳಿಸಬೇಕಿಲ್ಲ ಎಂದು ಗೂಗಲ್‌ನವರೇ 2023ರಲ್ಲಿ ಬಹಿರಂಗವಾಗಿ ಹೇಳಿದ್ದಾರೆ.

ಬಿಡಬಹುದಾದವು ಕೆಲವೇ ಕೆಲವು: ಒಂದೇ ಸುದ್ದಿಯ ಎರಡನೇ ಪ್ರತಿ, ಖಾಲಿ ಪುಟ, ಹಣ ಪಡೆದು ಹಾಕಿ ಅವಧಿ ಮುಗಿದ ಜಾಹೀರಾತು ಲೇಖನ. ಹಕ್ಕಿನ ಕಾರಣಕ್ಕೆ ಏಜೆನ್ಸಿಯ ಫೋಟೋ ತೆಗೆಯಬೇಕಾದರೆ ಫೋಟೋ ತೆಗೆಯಿರಿ, ಬರಹ ಉಳಿಸಿ.

ನಟ ನಟಿಯರ ಮೇಲಿನ ಆರೋಪ, ಪೊಲೀಸ್ ಪ್ರಕರಣದ ಸುದ್ದಿಗಳನ್ನು ಬೇರೆ ಪಟ್ಟಿ ಮಾಡಿ. ಇವನ್ನು ಸುಮ್ನೆ ಹಾಗೇ ತರಬಾರದು, ಸುಮ್ನೆ ಅಳಿಸಲೂಬಾರದು. ಪ್ರಕರಣ ಮುಂದೆ ಏನಾಯಿತು, ಖುಲಾಸೆಯಾಯಿತೇ, ಶಿಕ್ಷೆಯಾಯಿತೇ ಎಂಬ ಒಂದು ಸಾಲನ್ನು ದಿನಾಂಕದ ಜೊತೆ ಮೇಲೆ ಸೇರಿಸಿ. ತೆಗೆಯಿರಿ ಎಂದು ಕೇಳಿ ಯಾರಾದರೂ ಬರೆದರೆ ತೀರ್ಮಾನ ಸಂಪಾದಕರದು. ತಾಂತ್ರಿಕ ತಂಡ ತಾನೇ ಅಳಿಸಿಬಿಡಬಾರದು.

## ಹಂತ 3: ಏನನ್ನೂ ಮುಟ್ಟುವ ಮುಂಚೆ ಪ್ರತಿ ಇಡಿ

ಡೇಟಾಬೇಸ್ ಪ್ರತಿ ಇದ್ದರೆ ಸಾಲದು. ಹಳೆಯ ಪುಟ ಪರದೆಯ ಮೇಲೆ ಹೇಗೆ ಕಾಣುತ್ತಿತ್ತು ಎಂಬುದೂ ಬೇಕು. ಯಾವ ಫೋಟೋ ಯಾವ ಪ್ಯಾರಾ ಪಕ್ಕ ಇತ್ತು, ಚಿತ್ರಕ್ಕೆ ಎಷ್ಟು ಸ್ಟಾರ್ ಕೊಟ್ಟಿದ್ದರು ಎಂಬುದು ಎಷ್ಟೋ ಸಲ ಟೆಂಪ್ಲೇಟ್‌ನಲ್ಲಿ ಇರುತ್ತದೆ, ಲೇಖನದ ಒಳಗಲ್ಲ. ಹಾಗಾಗಿ ಹಳೆಯ ಸೈಟ್ ನಡೆಯುತ್ತಿರುವಾಗಲೇ ಎಲ್ಲ ಪುಟಗಳನ್ನು ಎಚ್‌ಟಿಎಂಎಲ್ ರೂಪದಲ್ಲಿ ಇಳಿಸಿ ಬೇರೆ ಡಿಸ್ಕ್‌ನಲ್ಲಿ ಇಡಿ. ಆಮೇಲೆ ಮುಖ್ಯ ಪುಟಗಳನ್ನು ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿ. ವಿಮರ್ಶೆ, ದೊಡ್ಡ ಸಂದರ್ಶನ, ನಿಧನ ವಾರ್ತೆಗಳು ಮೊದಲು.

2024ರ ಜೂನ್‌ನಲ್ಲಿ ಎಂಟಿವಿ ನ್ಯೂಸ್‌ನ ಎರಡು ದಶಕಕ್ಕೂ ಹೆಚ್ಚಿನ ಸಂಗೀತ ಬರಹಗಳು ವೆಬ್‌ನಿಂದ ಒಮ್ಮೆಗೇ ಮಾಯವಾದವು. ಅಲ್ಲಿ ಬರೆದಿದ್ದ ಪತ್ರಕರ್ತರಿಗೇ ತಮ್ಮ ಲೇಖನ ಸಿಗಲಿಲ್ಲ. ಹಿಂದೆ ವೇಬ್ಯಾಕ್‌ನಲ್ಲಿ ಸೇರಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಇಂಟರ್ನೆಟ್ ಆರ್ಕೈವ್ ಹುಡುಕಲು ಬರುವಂತೆ ಮಾಡಿದ್ದರಿಂದ ಒಂದಷ್ಟು ಉಳಿಯಿತು. ಹೊರಗಿನವರು ಇಟ್ಟ ಪ್ರತಿಯನ್ನೇ ನಂಬಿ ಕೂರುವ ಸ್ಥಿತಿ ನಿಮಗೆ ಬರಬಾರದು.

## ಹಂತ 4: ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ ದಾರಿ

ಎಲ್ಲಕ್ಕಿಂತ ಒಳ್ಳೆಯ ದಾರಿ ವಿಳಾಸವನ್ನೇ ಬದಲಿಸದಿರುವುದು. ವಿನ್ಯಾಸ ಹೊಸದಾದರೆ ವಿಳಾಸವೂ ಹೊಸದಾಗಬೇಕು ಎಂಬ ನಿಯಮ ಎಲ್ಲೂ ಇಲ್ಲ. ಡೆವಲಪರ್ ಹತ್ತಿರ ಮೊದಲು ಇದನ್ನೇ ಕೇಳಿ: 'ಹಳೆಯ ಪುಟಗಳು ಹಳೆಯ ವಿಳಾಸದಲ್ಲೇ ಇರಲು ಏನು ಅಡ್ಡಿ?'

ಬದಲಿಸಲೇಬೇಕು ಎಂದಾದರೆ ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ. ಹಳೆಯ ವಿಳಾಸ, ಹೊಸ ವಿಳಾಸ, ಲೇಖನದ ಹಳೆಯ ಸಂಖ್ಯೆ. ಪ್ರತಿ ಹಳೆಯ ಪುಟದಿಂದ ಅದರದೇ ಹೊಸ ಪುಟಕ್ಕೆ 301 ರೀಡೈರೆಕ್ಟ್ (ಶಾಶ್ವತವಾಗಿ ಹೊಸ ವಿಳಾಸಕ್ಕೆ ಕಳುಹಿಸುವ ಸೂಚನೆ) ಹಾಕಿಸಿ. 302 ತಾತ್ಕಾಲಿಕಕ್ಕೆ ಇರುವುದು, ಅದು ಬೇಡ.

ಎಲ್ಲವನ್ನೂ ಮುಖಪುಟಕ್ಕೆ ಕಳುಹಿಸಬೇಡಿ. ಅತಿ ಜಾಸ್ತಿ ನಡೆಯುವ ತಪ್ಪು ಇದೇ. ವಿಷ್ಣುವರ್ಧನ್ ಸಂದರ್ಶನ ಹುಡುಕಿ ಬಂದವರಿಗೆ ಇವತ್ತಿನ ಮುಖಪುಟ ತೋರಿಸಿದರೆ ಅವರು ಹಿಂದಕ್ಕೆ ಹೋಗುತ್ತಾರೆ. ಗೂಗಲ್ ಕೂಡ ಇಂಥ ರೀಡೈರೆಕ್ಟನ್ನು 'ಪುಟ ಇಲ್ಲ' ಎಂದೇ ಲೆಕ್ಕ ಹಿಡಿಯಬಹುದು.

ಸರಪಳಿ ಮಾಡಬೇಡಿ. 2010ರ ವಿಳಾಸ 2016ರ ವಿಳಾಸಕ್ಕೆ, ಅದು ಈಗಿನ ವಿಳಾಸಕ್ಕೆ ಎಂದು ಜಿಗಿಯುತ್ತಾ ಹೋದರೆ ಪುಟ ನಿಧಾನವಾಗುತ್ತದೆ, ನಡುವೆ ಒಂದು ಕೊಂಡಿ ಕಳಚಿದರೆ ಎಲ್ಲ ಹೋಯಿತು. ಎರಡೂ ಹಳೆಯ ವಿಳಾಸಗಳು ನೇರವಾಗಿ ಇವತ್ತಿನದಕ್ಕೆ ಬರಲಿ.

ಕನ್ನಡ ವಿಳಾಸಗಳ ವಿಶೇಷ ತೊಂದರೆ. ಇದರಲ್ಲೇ ನಮ್ಮ ಸೈಟ್‌ಗಳು ಹೆಚ್ಚು ಎಡವುವುದು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರ್ ಬೈಟ್‌ಗಳಾಗಿ ಇಡುವ ಕ್ರಮ) ಒಂದು ಕನ್ನಡ ಅಕ್ಷರ ಚಿಹ್ನೆಗೆ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗುತ್ತದೆ. ಅಂದರೆ ಒಂದು ಚಿಹ್ನೆಗೆ ಒಂಬತ್ತು ಜಾಗ. 'ಪುನೀತ್' ಎಂಬ ಪುಟ್ಟ ಹೆಸರಿನಲ್ಲಿ ಗುಣಿತ, ಅರ್ಧಾಕ್ಷರ ಸೇರಿ ಆರು ಚಿಹ್ನೆ. ಅದಕ್ಕೇ 54 ಜಾಗ ಬೇಕು. ವರ್ಡ್‌ಪ್ರೆಸ್ ಎಂಬ ಸೈಟ್ ನಡೆಸುವ ತಂತ್ರಾಂಶ ಶೀರ್ಷಿಕೆಯಿಂದ ಆಗುವ ವಿಳಾಸದ ತುಣುಕಿಗೆ ಕೊಡುವುದು 200 ಜಾಗ ಮಾತ್ರ, ಸುಮಾರು 22 ಚಿಹ್ನೆಗೆ ಮುಗಿಯಿತು. ಅದರ ನಂತರ ಕತ್ತರಿಸುತ್ತದೆ. ಒಬ್ಬ ನಟನ ಹೆಸರಿನಿಂದ ಶುರುವಾಗುವ ಶೀರ್ಷಿಕೆಗಳೆಲ್ಲ ಕತ್ತರಿಸಿದ ಮೇಲೆ ಒಂದೇ ಆಗುತ್ತವೆ. ಆಗ ವರ್ಡ್‌ಪ್ರೆಸ್ ಕೊನೆಗೆ 2, 3 ಎಂದು ಅಂಕಿ ಸೇರಿಸುತ್ತದೆ.

ಈಗ ಅಪಾಯ ನೋಡಿ. ಹೊಸ ಸೈಟ್‌ಗೆ ಲೇಖನಗಳನ್ನು ತರುವಾಗ ವಿಳಾಸವನ್ನು ಮತ್ತೆ ಹೊಸದಾಗಿ ಹುಟ್ಟಿಸಿದರೆ, ತರುವ ಕ್ರಮ ಬೇರೆಯಾದ ಕಾರಣಕ್ಕೆ 2 ಇದ್ದದ್ದು 3 ಆಗಬಹುದು. ಲಿಂಕ್ ಕೆಲಸ ಮಾಡುತ್ತದೆ, ಆದರೆ ಬೇರೆ ಲೇಖನ ತೆರೆಯುತ್ತದೆ! ಪುಟ ತೆರೆಯುತ್ತದೆಯೇ ಎಂದಷ್ಟೇ ನೋಡುವ ಪರೀಕ್ಷೆಯಲ್ಲಿ ಇದು ತಪ್ಪು ಎಂದು ಕಾಣುವುದಿಲ್ಲ. ಅದಕ್ಕೇ ಜೋಡಣೆ ಮಾಡುವಾಗ ವಿಳಾಸದ ಅಕ್ಷರಗಳನ್ನು ನಂಬದೆ ಲೇಖನದ ಸಂಖ್ಯೆಯನ್ನು ನಂಬಿ. ಹೊಸ ಸಿಎಂಎಸ್‌ನಲ್ಲಿ (ಲೇಖನಗಳನ್ನು ಹಾಕಿ ನಿರ್ವಹಿಸುವ ತಂತ್ರಾಂಶ) 'ಹಳೆಯ ಸಂಖ್ಯೆ' ಎಂಬ ಒಂದು ಕಾಲಂ ಶಾಶ್ವತವಾಗಿ ಇರಲಿ.

ಡೆವಲಪರ್‌ಗೆ ಇನ್ನೂ ಕೆಲವು ಮಾತು. ಶೇಕಡಾ ಚಿಹ್ನೆಯ ನಂತರದ ಅಕ್ಷರಗಳು ವರ್ಡ್‌ಪ್ರೆಸ್‌ನಲ್ಲಿ ಸಣ್ಣಕ್ಷರ, ಬ್ರೌಸರ್ ಕಳುಹಿಸುವಾಗ ದೊಡ್ಡಕ್ಷರ. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿ. ಎನ್‌ಜಿನ್‌ಎಕ್ಸ್‌ನಲ್ಲಿ ಉದ್ದದ ಕನ್ನಡ ವಿಳಾಸಗಳ ಮ್ಯಾಪ್ ಹಾಕಿದಾಗ ಹ್ಯಾಶ್ ಬಕೆಟ್ ಸಾಲದು ಎಂಬ ದೂರು ಬರುತ್ತದೆ, ಆ ಗಾತ್ರ ಹೆಚ್ಚಿಸಿದರೆ ಸರಿಹೋಗುತ್ತದೆ. ಅಪಾಚೆಯಲ್ಲಿ ಪ್ರಶ್ನೆ ಚಿಹ್ನೆಯ ನಂತರ ಲೇಖನದ ಸಂಖ್ಯೆ ಇರುವ ವಿಳಾಸಗಳನ್ನು ಸಾಮಾನ್ಯ ರೀಡೈರೆಕ್ಟ್ ಸಾಲು ಹಿಡಿಯುವುದಿಲ್ಲ. ಅದಕ್ಕೆ ರೀರೈಟ್ ನಿಯಮವೇ ಬೇಕು. ಮೊಬೈಲ್‌ಗೆಂದು ಇದ್ದ ಬೇರೆ ವಿಳಾಸ, ಎಎಂಪಿ ವಿಳಾಸ, ಎಸ್ ಇಲ್ಲದ ಎಚ್‌ಟಿಟಿಪಿ ವಿಳಾಸ, ಮೂರನ್ನೂ ಪಟ್ಟಿಗೆ ಸೇರಿಸಿ.

ಬೇಕೆಂದೇ ಅಳಿಸಿದ ಪುಟಕ್ಕೆ 410 ಎಂಬ ಸಂಕೇತ ಸಂಖ್ಯೆ ಕೊಡಿ, 'ಪುಟ ತೆಗೆದಿದೆ' ಎಂದು ಅದರ ಅರ್ಥ. ನ್ಯಾಯಾಲಯದ ಆದೇಶದಿಂದ ತೆಗೆದದ್ದಕ್ಕೆ 451 ಇದೆ. ಎರಡಕ್ಕೂ ಕನ್ನಡದಲ್ಲಿ ಒಂದು ಸಾಲಿನ ಕಾರಣ ಇರಲಿ.

## ಹಂತ 5: ಅಕ್ಷರಗಳನ್ನು ಕಾಪಾಡಿ

2000ದ ದಶಕದ ಕನ್ನಡ ಬರಹಗಳಲ್ಲಿ ಬಹಳಷ್ಟು ಯೂನಿಕೋಡ್‌ನಲ್ಲಿ ಇಲ್ಲ. ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟ್‌ಗಳ ಸಂಕೇತದಲ್ಲಿವೆ. ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಇವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತರಬೇಕು. ಫಾಂಟ್ ಬೇರೆಯಾದರೆ ಸಂಕೇತವೂ ಬೇರೆ, ಆದ್ದರಿಂದ ಯಾವ ವರ್ಷದ ತನಕ ಯಾವ ಫಾಂಟ್ ಬಳಸಿದ್ದರು ಎಂದು ಮೊದಲು ಕಂಡುಹಿಡಿಯಿರಿ.

ಪರಿವರ್ತನೆಯ ನಂತರ ಎರಡು ಜಾಗ ಕಣ್ಣಿಟ್ಟು ನೋಡಿ. ಒಂದು, ಅರ್ಕಾವೊತ್ತು. ಹಳೆಯ ಫಾಂಟ್‌ಗಳಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. 'ಸೂರ್ಯ', 'ವರ್ಧನ್', 'ಕಾರ್ನಾಡ್' ಇರುವ ಲೇಖನಗಳನ್ನು ತೆರೆದು ಪರೀಕ್ಷಿಸಿ. ಎರಡು, ಕನ್ನಡದ ನಡುವೆ ಇಂಗ್ಲಿಷ್‌ನಲ್ಲೇ ಬರೆದ ಚಿತ್ರದ ಹೆಸರುಗಳು. ಪರಿವರ್ತಕಕ್ಕೆ ಅದು ಇಂಗ್ಲಿಷ್ ಎಂದು ಗೊತ್ತಾಗದೆ ಅದನ್ನೂ ಕನ್ನಡದ ಕಲಸುಮೇಲೋಗರ ಮಾಡಿಬಿಡುತ್ತದೆ. ಸಿನಿಮಾ ಪುಟದಲ್ಲಿ ಇಂಥವು ಸಾಲುಸಾಲು ಇರುತ್ತವೆ. ಇವನ್ನು ಯಂತ್ರ ಸರಿಮಾಡುವುದಿಲ್ಲ, ಡೆಸ್ಕ್‌ನವರೇ ಕೂರಬೇಕು.

ಯೂನಿಕೋಡ್ ಬರಹಕ್ಕೂ ಅಪಾಯ ತಪ್ಪಿದ್ದಲ್ಲ. ಡೇಟಾಬೇಸ್ ಸಾಗಿಸುವಾಗ ಸಂಕೇತ ತಪ್ಪು ಹೇಳಿದರೆ ಪುಟ ಕೆಡುತ್ತದೆ. ಕೆಟ್ಟಿದ್ದರಲ್ಲಿ ಎರಡು ಬಗೆ. ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ 'ಎ' ಅಕ್ಷರ ಮತ್ತೆ ಮತ್ತೆ ಕಂಡರೆ ಮೂಲ ಬೈಟ್‌ಗಳು ಒಳಗೆ ಉಳಿದಿರುವ ಸಾಧ್ಯತೆ ಹೆಚ್ಚು, ಆಗ ಸರಿಮಾಡಬಹುದು. ಬರೀ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಆ ಪ್ರತಿಯಲ್ಲಿ ಅಕ್ಷರಗಳು ಹೋದವು. ತಕ್ಷಣ ಕೆಲಸ ನಿಲ್ಲಿಸಿ, 3ನೇ ಹಂತದ ಪ್ರತಿಯಿಂದ ಮತ್ತೆ ಶುರು ಮಾಡಿ. ಹೊಸ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8ಎಂಬಿ4 ಆರಿಸಿ.

ಕೊನೆಗೆ ಎಲ್ಲ ಬರಹವನ್ನೂ ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತನ್ನಿ. 'ಕೋ' ಎಂಬುದನ್ನು ಒಳಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಹೀಗೆ ಮಾಡದಿದ್ದರೆ ಹುಡುಕಾಟದಲ್ಲಿ ಅರ್ಧ ಲೇಖನ ಸಿಗುವುದಿಲ್ಲ.

## ಹಂತ 6: ಫೋಟೋ, ಗ್ಯಾಲರಿ, ವಿಡಿಯೊ

ಹಳೆಯ ಫೋಟೋ ಗ್ಯಾಲರಿಗಳಲ್ಲಿ ಒಂದೊಂದು ಫೋಟೋಗೂ ಒಂದೊಂದು ಪುಟ ಇರುತ್ತಿತ್ತು. ಹೊಸ ಸೈಟ್‌ನಲ್ಲಿ ಒಂದೇ ಪುಟಕ್ಕೆ ಎಲ್ಲ ಫೋಟೋ ತನ್ನಿ, ಹಳೆಯ ಪುಟಗಳೆಲ್ಲ ಅಲ್ಲಿಗೆ ಬರಲಿ. ಫೋಟೋ ಅಡಿಯ ಬರಹ ಹೆಚ್ಚಾಗಿ ಬೇರೆ ಟೇಬಲ್‌ನಲ್ಲಿ ಇರುತ್ತದೆ. ಅದನ್ನು ತರಲು ಮರೆತರೆ ಮುಹೂರ್ತದ ಫೋಟೋದಲ್ಲಿ ನಿಂತ ಎಂಟು ಜನ ಯಾರು ಎಂದು ಮುಂದೆ ಯಾರೂ ಹೇಳಲಾರರು. ಛಾಯಾಗ್ರಾಹಕರ ಹೆಸರೂ ಅಲ್ಲೇ ಇರುತ್ತದೆ.

ಹೊಸ ವಿನ್ಯಾಸದ ಅಗಲ ಚೌಕಟ್ಟಿಗೆ ಹಳೆಯ ಫೋಟೋಗಳನ್ನು ಯಂತ್ರದ ಕೈಯಲ್ಲಿ ಕತ್ತರಿಸಬೇಡಿ. ಉದ್ದನೆಯ ಪೋಸ್ಟರ್‌ಗಳಲ್ಲಿ ತಲೆ ಇಲ್ಲವೇ ಚಿತ್ರದ ಹೆಸರು ಹೋಗುತ್ತದೆ. ಸಣ್ಣ ಫೋಟೋವನ್ನು ಹಿಗ್ಗಿಸದೆ ಇದ್ದ ಗಾತ್ರದಲ್ಲೇ ತೋರಿಸಿ.

ಸ್ಟಾರ್ ಗುರುತುಗಳನ್ನು ಚಿತ್ರವಾಗಿ ಹಾಕಿದ್ದರೆ ಅವನ್ನು ಅಂಕಿಯಾಗಿ ಬರೆದಿಡಿ. ಚೌಕ ಕಂಸದ ಒಳಗಿನ ಶಾರ್ಟ್‌ಕೋಡ್‌ಗಳು ಹಳೆಯ ಪ್ಲಗಿನ್ ಹೋದ ಮೇಲೆ ಹಾಗೇ ಬರಹದ ನಡುವೆ ಉಳಿಯುತ್ತವೆ. ಅವನ್ನೆಲ್ಲ ಹುಡುಕಿ ಸಾಮಾನ್ಯ ಎಚ್‌ಟಿಎಂಎಲ್ ಮಾಡಿ.

ಫ್ಲ್ಯಾಶ್ ಬೆಂಬಲ 2020ರ ಕೊನೆಗೆ ನಿಂತಿತು, ಆ ಪ್ಲೇಯರ್‌ನಲ್ಲಿದ್ದ ಟ್ರೇಲರ್, ಹಾಡಿನ ತುಣುಕು ಈಗ ಖಾಲಿ ಚೌಕ. ಮೂಲ ಫೈಲ್ ಇದ್ದರೆ ಎಂಪಿ4 ಮಾಡಿ ಹಾಕಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಅಲ್ಲಿಂದ ಸೇರಿಸಿದ್ದ ವಿಡಿಯೊಗಳೂ ಇಲ್ಲಿ ಕಾಣುವುದಿಲ್ಲ. ಖಾಲಿ ಜಾಗ ಬಿಡುವ ಬದಲು 'ಇಲ್ಲಿ ಇಂಥವರ ವಿಡಿಯೊ ಇತ್ತು, ಈಗ ಲಭ್ಯವಿಲ್ಲ' ಎಂದು ಬರೆಯಿರಿ. ಟ್ವೀಟ್‌ಗಳ ಮಾತನ್ನು ಬರಹವಾಗಿ ಪುಟದಲ್ಲೇ ಇಡಿ. ಖಾತೆ ಅಳಿಸಿದರೂ ಮಾತು ಉಳಿಯುತ್ತದೆ.

## ಹಂತ 7: ದಿನಾಂಕ ಮತ್ತು ಬರೆದವರ ಹೆಸರು

ಸಾಗಿಸಿದ ದಿನವೇ ಎಲ್ಲ ಲೇಖನಗಳ ದಿನಾಂಕವಾಗಿ ಬೀಳುವುದು ತುಂಬ ಕಂಡುಬರುವ ತಪ್ಪು. ಸಿನಿಮಾ ಸುದ್ದಿಯಲ್ಲಿ ಇದು ಬರೀ ತಪ್ಪಲ್ಲ, ಅಪಾಯ. ಹಿಂದೆಂದೋ ಆಸ್ಪತ್ರೆಗೆ ಸೇರಿದ್ದ ನಟನ ಸುದ್ದಿ ಇವತ್ತಿನ ದಿನಾಂಕದಲ್ಲಿ ವಾಟ್ಸ್ಆ್ಯಪ್ ಹತ್ತಿದರೆ ಮನೆಯವರಿಗೆ ಆಗುವ ನೋವು ಯೋಚಿಸಿ.

ಸಮಯದ ವಲಯವೂ ನೋಡಿ. ನಮ್ಮ ಸಮಯ ಜಾಗತಿಕ ಮೂಲ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರ ನಸುಕಿನಲ್ಲಿ. ಆ ಹೊತ್ತಿಗೆ ಹಾಕಿದ ಸುದ್ದಿ ಯುಟಿಸಿ ಲೆಕ್ಕದಲ್ಲಿ ಡಿಸೆಂಬರ್ 29 ಎಂದು ಕಾಣುತ್ತದೆ. ಬೆಳಗಿನ ಜಾವ ಪ್ರಕಟವಾದ ಕೆಲವು ಲೇಖನಗಳನ್ನು ಮುದ್ರಿತ ಪತ್ರಿಕೆಯ ಜೊತೆ ಹೋಲಿಸಿ ನೋಡಿ.

ಮೊದಲ ಪ್ರಕಟಣೆಯ ದಿನ ಶೀರ್ಷಿಕೆಯ ಹತ್ತಿರವೇ ಪೂರ್ತಿ ವರ್ಷದ ಜೊತೆ ಕಾಣಲಿ. 'ಇಂದು', 'ಈ ಶುಕ್ರವಾರ' ಎಂಬ ಮಾತುಗಳಿಗೆ ಅರ್ಥ ಬರುವುದು ಆಗಲೇ. ಹಳೆಯ ಲೇಖನದ ಮೇಲೆ 'ಇದು ಇಷ್ಟು ವರ್ಷ ಹಳೆಯದು' ಎಂಬ ಹಳದಿ ಪಟ್ಟಿ ಹಾಕುವುದನ್ನು ದಿ ಗಾರ್ಡಿಯನ್ ಮಾಡುತ್ತಿದೆ. 2019ರಲ್ಲಿ ಅದನ್ನು ಲಿಂಕ್ ಹಂಚಿದಾಗ ಕಾಣುವ ಚಿತ್ರಕ್ಕೂ ತಂದರು. ಹಂಚಿಕೆಯ ಚಿತ್ರದಲ್ಲಿ ವರ್ಷ ತೋರಿಸುವುದನ್ನು ನೀವೂ ಮಾಡಿ, ಕಷ್ಟದ ಕೆಲಸವಲ್ಲ.

ಕೆಲಸ ಬಿಟ್ಟವರ ಖಾತೆ ಅಳಿಸುವಾಗ ಎಚ್ಚರ. ವರ್ಡ್‌ಪ್ರೆಸ್ ಆಗ ಒಂದು ಪ್ರಶ್ನೆ ಕೇಳುತ್ತದೆ: ಇವರ ಬರಹಗಳನ್ನೂ ಅಳಿಸಬೇಕೇ, ಬೇರೆಯವರ ಹೆಸರಿಗೆ ಹಾಕಬೇಕೇ? ಎರಡೂ ಬೇಡ. ಖಾತೆಯ ಅಧಿಕಾರ ಕಿತ್ತುಹಾಕಿ, ಹೆಸರು ಉಳಿಸಿ. ವರ್ಷಗಟ್ಟಲೆ ವಿಮರ್ಶೆ ಬರೆದವರ ಬೈಲೈನ್ ಜಾಗದಲ್ಲಿ 'ಅಡ್ಮಿನ್' ಎಂದು ಕಾಣುವುದು ಆ ಬರಹಗಾರರಿಗೆ ಮಾಡುವ ಅನ್ಯಾಯ.

## ಹಂತ 8: ಓದುಗರಿಗೆ ಸಿಗುವಂತೆ ಮಾಡಿ

ಪುಟ ಇದೆ, ಆದರೆ ಯಾವ ಲಿಂಕಿನಿಂದಲೂ ಸಿಗುವುದಿಲ್ಲ ಎಂದರೆ ಇದ್ದೂ ಇಲ್ಲದಂತೆ. 'ಇನ್ನಷ್ಟು ನೋಡಿ' ಎಂಬ ಒಂದೇ ಗುಂಡಿ ಸಾಲದು. ಅದನ್ನು ಒತ್ತಿ ಒತ್ತಿ 2006ರ ತನಕ ಯಾರೂ ಹೋಗಲಾರರು, ಸರ್ಚ್ ಎಂಜಿನ್‌ಗಳಂತೂ ಗುಂಡಿ ಒತ್ತುವುದೇ ಇಲ್ಲ. ವರ್ಷ, ತಿಂಗಳವಾರು ಪುಟ ಮಾಡಿ. ಸಿನಿಮಾ ವಿಭಾಗ, 2006, ಏಪ್ರಿಲ್ ಎಂದು ಮೂರು ಕ್ಲಿಕ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡ ವಾರದ ಸುದ್ದಿಗಳು ಸಿಗಬೇಕು. ವಿಭಾಗದ ಪಟ್ಟಿಗೆ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಬಳಸಿದ್ದರೆ ನೆನಪಿಡಿ, ಸೆಟ್ಟಿಂಗ್ ಬದಲಿಸದಿದ್ದರೆ ಅದು 10,000 ಫಲಿತಾಂಶಗಳ ಆಚೆ ತೋರಿಸುವುದಿಲ್ಲ. ಹಳೆಯ ಪುಟಗಳೆಲ್ಲ ಆ ಗೆರೆಯ ಆಚೆಗೇ ಇರುತ್ತವೆ.

ಹುಡುಕಾಟದಲ್ಲಿ ಹೆಸರುಗಳೇ ದೊಡ್ಡ ತಲೆನೋವು. ರಾಜ್‌ಕುಮಾರ್, ರಾಜಕುಮಾರ್, ರಾಜ್ ಕುಮಾರ್, ಡಾ. ರಾಜ್, ಅಣ್ಣಾವ್ರು, ಎಲ್ಲ ಒಬ್ಬರೇ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. ಓದುಗರು ಅದಿಲ್ಲದೆ ಟೈಪ್ ಮಾಡಿದರೆ ಏನೂ ಸಿಗುವುದಿಲ್ಲ. ಹುಡುಕಾಟದ ಸೂಚಿಯಲ್ಲೂ, ಓದುಗರು ಬರೆದ ಪದದಲ್ಲೂ ಆ ಚಿಹ್ನೆ ತೆಗೆದು ಹೋಲಿಸಬೇಕು. ಪುಟದ ಬರಹದಲ್ಲಿ ಮಾತ್ರ ತೆಗೆಯಬೇಡಿ, ಅಕ್ಷರ ಒತ್ತಾಗಿ ಬೇರೆಯೇ ಕಾಣುತ್ತದೆ. ಅಂಬರೀಶ್, ಅಂಬರೀಷ್ ಥರದ ಜೋಡಿಗಳಿಗೆ ಸಮಾನ ಪದಗಳ ಪಟ್ಟಿ ಬೇಕು. ಇದನ್ನು ಡೆಸ್ಕ್‌ನವರು ಒಂದು ಮಧ್ಯಾಹ್ನ ಕೂತು ಬರೆದುಕೊಡಬಹುದು.

ಇನ್ನು ಒಂದೇ ಹೆಸರಿನ ಚಿತ್ರಗಳು. 'ನಾಗರಹಾವು' 1972ರಲ್ಲಿ ಬಂತು, 2002ರಲ್ಲಿ ಬಂತು, 2016ರಲ್ಲೂ ಬಂತು. ಮೊದಲನೆಯದರಲ್ಲಿ ವಿಷ್ಣುವರ್ಧನ್, ಎರಡನೆಯದರಲ್ಲಿ ಉಪೇಂದ್ರ, ಮೂರನೆಯದರಲ್ಲಿ ಗ್ರಾಫಿಕ್ಸ್‌ನಲ್ಲಿ ಮತ್ತೆ ವಿಷ್ಣುವರ್ಧನ್. ಮೂರಕ್ಕೂ ಒಂದೇ ಟ್ಯಾಗ್ ಇದ್ದರೆ ಓದುಗರಿಗೆ ಗೊಂದಲ. ಚಿತ್ರದ ಟ್ಯಾಗ್‌ಗೆ ವರ್ಷ ಸೇರಿಸುವುದನ್ನು ನಿಯಮ ಮಾಡಿಕೊಳ್ಳಿ. 'ಅಪ್ಪು' ಚಿತ್ರವೂ ಹೌದು, ಪುನೀತ್ ಅವರ ಪ್ರೀತಿಯ ಹೆಸರೂ ಹೌದು. ವ್ಯಕ್ತಿಯ ಟ್ಯಾಗ್ ಬೇರೆ, ಚಿತ್ರದ ಟ್ಯಾಗ್ ಬೇರೆ ಇರಲಿ.

ಹಳೆಯ ಪುಟಗಳಿಗೆ ಬೇರೆ ಸೈಟ್‌ಮ್ಯಾಪ್ ಮಾಡಿ, ವರ್ಷಕ್ಕೊಂದರಂತೆ. ಒಂದು ಫೈಲ್‌ನಲ್ಲಿ 50,000 ವಿಳಾಸ ಹಿಡಿಯುತ್ತದೆ.

## ಹಂತ 9: ತೆರೆಯುವ ಮುಂಚಿನ ಪರೀಕ್ಷೆ

1ನೇ ಹಂತದ ಪಟ್ಟಿಯನ್ನು ಪೂರ್ತಿ ಕ್ರಾಲರ್‌ಗೆ ಕೊಡಿ. ಪ್ರತಿ ವಿಳಾಸವೂ ನೇರ ತೆರೆಯಬೇಕು, ಇಲ್ಲವೇ ಒಂದೇ ಜಿಗಿತದಲ್ಲಿ ಸರಿಯಾದ ಪುಟ ಸೇರಬೇಕು. ತೆರೆದರೆ ಸಾಲದು, ಹಳೆಯ ಶೀರ್ಷಿಕೆಗೂ ಹೊಸ ಶೀರ್ಷಿಕೆಗೂ ತಾಳೆ ನೋಡಿ. 2, 3 ಅಂಕಿಗಳ ಅದಲುಬದಲು ಸಿಕ್ಕಿಬೀಳುವುದು ಇಲ್ಲೇ.

ಆಮೇಲೆ ಮನುಷ್ಯರು ಓದಬೇಕು. ಪ್ರತಿ ವರ್ಷದಿಂದ ಒಂದು ವಿಮರ್ಶೆ, ಒಂದು ಸಂದರ್ಶನ, ಒಂದು ಗ್ಯಾಲರಿ, ಒಂದು ನಿಧನ ವಾರ್ತೆ ಆರಿಸಿ, ಹಳೆಯ ಪ್ರತಿ ಪಕ್ಕದಲ್ಲಿ ಇಟ್ಟುಕೊಂಡು ಮೊಬೈಲ್‌ನಲ್ಲಿ ಓದಿ. ಇತ್ತೀಚಿನ ಪುಟಗಳು ಚೆನ್ನಾಗಿವೆ ಎಂದು ತೃಪ್ತಿಪಡಬೇಡಿ. ಅತಿ ಹಳೆಯ ವರ್ಷದಿಂದ ಶುರು ಮಾಡಿ.

ಪರೀಕ್ಷೆಯ ಸೈಟ್ ಗೂಗಲ್‌ಗೆ ಸಿಗದಿರಲಿ ಎಂದು ರೋಬೋಟ್ಸ್ ಫೈಲ್‌ನಲ್ಲಿ ಹಾಕಿದ ತಡೆ, ಪುಟಗಳಲ್ಲಿ ಹಾಕಿದ ನೋಇಂಡೆಕ್ಸ್ ಗುರುತು, ತೆರೆಯುವ ದಿನ ತೆಗೆಯಬೇಕು. ಯಾರು ತೆಗೆಯಬೇಕು ಎಂದು ಹೆಸರು ಬರೆದಿಡಿ.

## ಹಂತ 10: ತೆರೆದ ಮೇಲೆ ಕಾವಲು

ಮೊದಲ ವಾರಗಳಲ್ಲಿ ದಿನಾ ಸರ್ವರ್ ಲಾಗ್‌ನಿಂದ 404 (ಪುಟ ಸಿಗಲಿಲ್ಲ) ಬಂದ ವಿಳಾಸಗಳನ್ನು ತೆಗೆದು, ಜಾಸ್ತಿ ಕೇಳಿದ್ದನ್ನು ಮೊದಲು ಸರಿಮಾಡಿ. 'ಪುಟ ಸಿಗಲಿಲ್ಲ' ಪುಟದಲ್ಲಿ ಹುಡುಕುವ ಪೆಟ್ಟಿಗೆಯೂ, ಡೆಸ್ಕ್‌ಗೆ ತಿಳಿಸುವ ದಾರಿಯೂ ಇರಲಿ.

ಈ ಗುರುತುಗಳು ಕಂಡರೆ ತಡಮಾಡಬೇಡಿ:

- ಸರ್ಚ್ ಕನ್ಸೋಲ್‌ನಲ್ಲಿ 'ಸಾಫ್ಟ್ 404' (ತೆರೆದರೂ ಗೂಗಲ್ 'ಪುಟ ಇಲ್ಲ' ಎಂದು ಲೆಕ್ಕ ಹಿಡಿದವು) ಏರುತ್ತಿದೆ. ರೀಡೈರೆಕ್ಟ್‌ಗಳು ತಪ್ಪು ಪುಟಕ್ಕೆ ಹೋಗುತ್ತಿರಬಹುದು.
- ಹಳೆಯ ವರ್ಷಗಳ ಪುಟಗಳ ಓದು ಒಮ್ಮೆಗೇ ಸೊನ್ನೆ. ನೋಇಂಡೆಕ್ಸ್ ಉಳಿದಿರಬಹುದು.
- ಹಳೆಯ ಸುದ್ದಿ 'ಇತ್ತೀಚಿನವು' ಪಟ್ಟಿಯಲ್ಲಿ ಬಂದಿದೆ. ದಿನಾಂಕ ಕೆಟ್ಟಿದೆ.
- ಪುಟ ಸರಿ, ಫೋಟೋ ಮಾತ್ರ ಇಲ್ಲ. ಫೋಟೋಗಳ ವಿಳಾಸ ಇನ್ನೂ ಎಸ್ ಇಲ್ಲದ ಎಚ್‌ಟಿಟಿಪಿಯಲ್ಲಿರಬಹುದು.

ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ಅದು ಗೂಗಲ್‌ನ ಲೆಕ್ಕ. ವಿಕಿಪೀಡಿಯದಲ್ಲಿ, ಅಭಿಮಾನಿಗಳ ಬ್ಲಾಗ್‌ನಲ್ಲಿ ಇರುವ ಲಿಂಕ್ ಯಾರೂ ಬದಲಿಸುವುದಿಲ್ಲ. ಸೈಟ್ ಇರುವ ತನಕ ಇಡಿ. ಡೊಮೇನ್ ಹೆಸರೇ ಬದಲಾಗಿದ್ದರೆ ಹಳೆಯ ಹೆಸರನ್ನು ಪ್ರತಿ ವರ್ಷ ನವೀಕರಿಸುವ ಜವಾಬ್ದಾರಿ ಅಕೌಂಟ್ಸ್ ವಿಭಾಗದ ಒಬ್ಬರಿಗೆ ಬರೆದು ಕೊಡಿ. ಅವಧಿ ಮುಗಿದ ಸುದ್ದಿ ತಾಣಗಳ ಹೆಸರನ್ನು ಜೂಜಿನ ಸೈಟ್‌ನವರು ಕೊಂಡುಕೊಳ್ಳಲು ಕಾಯುತ್ತಿರುತ್ತಾರೆ. ಹಾಗಾದರೆ ನಿಮ್ಮ ಹಳೆಯ ವಿಮರ್ಶೆಯ ಲಿಂಕ್ ಒತ್ತಿದವರು ಅಲ್ಲಿಗೆ ಹೋಗಿ ಬೀಳುತ್ತಾರೆ.